ನೋಡದೆ ಬರೆದ ‘ನಿಲ್’

ನಾನೊಂದು ಗಾಜಿನ ನಳಿಕೆ. ಕುಲುಮೆಯಲ್ಲಿ ಕರಗಿ ಹುಟ್ಟಿದ್ದರಿಂದ ಬೆಂಕಿಗೆ ಹೆದರುವುದಿಲ್ಲ. ಹನ್ನೊಂದು ಮಂದಿ ಒಡಹುಟ್ಟಿದವರ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿ ಈ ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಬಂದೆ. ಉಳಿದವರೆಲ್ಲ ಒಡೆದುಹೋದರು.

ನನ್ನ ಕೆಲಸ ಹೇಳಿದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಬಸುರಿಯರ ಮೂತ್ರ ತುಂಬಿಕೊಂಡು ಬೇಯುವುದು. ಆಗಿನ ನರ್ಸ್ ಸರಸಮ್ಮ ನನ್ನನ್ನು ಇಕ್ಕಳದಲ್ಲಿ ಓರೆಯಾಗಿ ಹಿಡಿದು, ಸ್ಪಿರಿಟ್ ದೀಪಕ್ಕೆ ಒಡ್ಡಿ, ಎರಡು ಹನಿ ಆಮ್ಲ ಬಿಟ್ಟು, ಬೆಳಕಿಗೆ ಹಿಡಿದು ನೋಡುತ್ತಿದ್ದರು. ತಿಳಿಯಾಗಿದ್ದರೆ ಸರಿ. ಬಿಳಿ ಮೋಡ ಕಟ್ಟಿ ನಿಂತರೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಎಂದರ್ಥ. ಮುಂದೆ ಬಿ.ಪಿ. ಏರಬಹುದು, ಫಿಟ್ಸ್ ಬರಬಹುದು. ತಾಯಿ ಮಗು ಇಬ್ಬರಿಗೂ ಕುತ್ತು. ಒಮ್ಮೆ ಏಳು ತಿಂಗಳ ಬಸುರಿಯೊಬ್ಬಳಿಗೆ ಹಾಗೆ ಕಂಡಿತು. "ನಾಳೆ ಗೀಳೆ ಅನ್ಬೇಡ, ಈಗ್ಲೇ ಹೊರಡವ್ವ" ಎಂದು ಸರಸಮ್ಮ ತಾವೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಆ ಮಗು ಈಗ ಅಂಗನವಾಡಿಯಲ್ಲಿ ಗಲಾಟೆ ಮಾಡುತ್ತದೆ. ಅದರಲ್ಲಿ ನನಗೂ ಪಾಲಿದೆ ಎಂದು ಬೀಗುತ್ತೇನೆ.

ಆಮೇಲೆ ಅದ್ದಿದರೆ ಬಣ್ಣ ಬದಲಿಸುವ ಪಟ್ಟಿಗಳು ಬಂದವು. ನನ್ನನ್ನು ತೊಳೆದು, ಪೆನ್ನು ಇಡಲೆಂದು ಮೇಜಿನ ಮೇಲೆ ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಸರಸಮ್ಮ ನಿವೃತ್ತರಾದರು. ಹೊಸ ನರ್ಸ್ ವಿನುತಾ ಕೆಟ್ಟವಳಲ್ಲ. ನಾಲ್ಕು ಹಳ್ಳಿಗೆ ಒಬ್ಬಳೇ.

ಒಂದು ಗುರುವಾರ ಶೀಲಾ ಬಂದಳು. ರೇಷ್ಮೆ ನೂಲು ತೆಗೆಯುವವಳು, ಐದು ತಿಂಗಳ ಬಸುರಿ. ಜೊತೆಗೆ ಅತ್ತೆ ದೊಡ್ಡತಾಯಮ್ಮ. ಕೇಂದ್ರದ ಕಕ್ಕಸಿಗೆ ಬೀಗ ಬಿದ್ದಿತ್ತು. ಪಾಪ, ಬೇಲಿಯ ಮರೆಗೆ ಹೋಗಿ, ಮೂತ್ರದ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಾಚಿಕೆಯಿಂದ ಕುಗ್ಗುತ್ತ ತಂದಿಟ್ಟಳು.

"ಪಟ್ಟಿ ಮುಗ್ದೋಗಿದೆ ಕಣಮ್ಮ. ಮುಂದಿನ ತಿಂಗ್ಳು ನೋಡೋಣ" ಎಂದಳು ವಿನುತಾ. ಆದರೆ ತಾಯಿ ಕಾರ್ಡಿನಲ್ಲಿ ಮೂತ್ರ ಪರೀಕ್ಷೆಯ ಜಾಗ ಖಾಲಿ ಬಿಟ್ಟರೆ ಮೀಟಿಂಗಿನಲ್ಲಿ ಬೈಗುಳ. ನನ್ನೊಳಗಿನ ಪೆನ್ನು ತೆಗೆದು ‘ನಿಲ್’ ಎಂದು ಬರೆದಳು. ಅಂದರೆ ಪ್ರೋಟೀನ್ ಇಲ್ಲವೇ ಇಲ್ಲ. ದೀಪ ಬೀರುವಿನಲ್ಲಿತ್ತು, ನಾನು ಕೈಗೆಟುಕುವಲ್ಲೇ ಇದ್ದೆ. ಒಮ್ಮೆ ಬೇಯಿಸಿದ್ದರೆ ಸಾಕಿತ್ತು! ಸೀಸೆಯಲ್ಲಿದ್ದುದನ್ನು ಮೋರಿಗೆ ಸುರಿದಳು.

ಮುಂದಿನ ತಿಂಗಳೂ ಪಟ್ಟಿ ಬರಲಿಲ್ಲ. ಇನ್ನೊಂದು ನಿಲ್. ಶೀಲಾಳ ಕಾಲು ಊದಿದಾಗ, ನಿಂತು ದುಡಿಯುವುದಕ್ಕೆ ಎಂದುಕೊಂಡರು. ಕಾರ್ಡಿನಲ್ಲಿ ಎಲ್ಲ ಸರಿಯಿದೆಯಲ್ಲ! ಏಳನೇ ತಿಂಗಳಲ್ಲಿ ಶೀಲಾ ಕೆಲಸದ ಜಾಗದಲ್ಲೇ ಫಿಟ್ಸ್ ಬಂದು ಬಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಕಾರ್ಡು ತಿರುವಿ, "ದಾಖಲೆ ಅಚ್ಚುಕಟ್ಟಾಗಿದೆ" ಎಂದು ಮೆಚ್ಚಿ ಹೋದರು.

ಈಗ ನಾನು ಬಿರುಕು ಬಿಟ್ಟು ಕಿಟಕಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದೇನೆ. ಗಾಜಿಗೆ ಸಿಟ್ಟು ಬರುವುದಿಲ್ಲ ಎಂದುಕೊಳ್ಳಬೇಡಿ. ಮೊನ್ನೆ ದೊಡ್ಡತಾಯಮ್ಮ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಜಗಳವಾಡಲಿಲ್ಲ, ಅಳಲೂ ಇಲ್ಲ.

"ಅಲ್ಲ ನರ್ಸಮ್ಮ, ನನ್ ಸೊಸೆ ಅವತ್ತು ಅಷ್ಟೊಂದು ನಾಚ್ಕೊಂಡು ತಂದ್ಕೊಟ್ಲಲ್ಲ, ಅದ್ರಲ್ಲಿ ಏನಿತ್ತವ್ವ?"

ವಿನುತಾ ಪೆನ್ನು ಕೆಳಗಿಟ್ಟು, "ಗೊತ್ತಿಲ್ಲ ಕಣಮ್ಮ" ಎಂದಳು.

ಇದೊಂದು ಮಾತನ್ನು ಅಂದೇ ಆ ಕಾರ್ಡಿನಲ್ಲಿ ಬರೆದಿದ್ದರೆ, ಶೀಲಾ ಬದುಕುತ್ತಿದ್ದಳೋ ಏನೋ.