ಲ್ಯಾಬಿನ ರಬ್ಬರ್ ಅಜ್ಜಿ

ನಾನು ರಬ್ಬರ್ ಮೈಯ, ಪ್ಲಾಸ್ಟಿಕ್ ಎಲುಬಿನ ಒಂದು ಗೊಂಬೆ. ಹುಟ್ಟಿದ್ದು ಫ್ಯಾಕ್ಟರಿಯ ಅಚ್ಚಿನಲ್ಲಿ, ಅಳದೆ. ಕೈತುಂಬ ಕೊಳವೆಯ ನರಗಳಿದ್ದರೂ ನಾನು ನರನಲ್ಲ. ನನ್ನ ರಕ್ತಸಂಬಂಧವೆಲ್ಲ ಬಕೆಟ್ಟಿನಲ್ಲಿ ಕಲಸಿದ ಕೆಂಪು ನೀರಿನ ಜೊತೆ.

ಹುಬ್ಬಳ್ಳಿಯ ನರ್ಸಿಂಗ್ ಕಾಲೇಜಿನ ಲ್ಯಾಬಿಗೆ ಬಂದಾಗ ನನ್ನ ಬಾಯಲ್ಲಿ ಸ್ಪೀಕರ್ ಇತ್ತು, ಮಾತಿರಲಿಲ್ಲ. ಮಾತು ಕೊಟ್ಟವರು ಟೀಚರ್ ನೀಲಾಂಬಿಕಾ ಮೇಡಂ. ಗಾಜಿನಾಚೆ ಕೂತು, ಮೈಕ್ ಹಿಡಿದು, ನನ್ನ ಪರವಾಗಿ ನರಳುವುದೇ ಅವರ ಪಾಠ. ಬೆಳಿಗ್ಗೆ ಕೆಮ್ಮುವ ಹಮಾಲ, ಮಧ್ಯಾಹ್ನ ದಿನ ತುಂಬಿದ ಬಸುರಿ, ಸಂಜೆ ಸಿಡುಕಿನ ಅಜ್ಜಿ. ಸಾಯದೆಯೇ ನನಗೆ ಎಷ್ಟೊಂದು ಪುನರ್ಜನ್ಮ!

ರುಬೀನಾ ಎಂಬ ಹುಡುಗಿ ಡ್ರಿಪ್ ಹಾಕುವ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಸೂಜಿ ಹಿಡಿದರೆ ಕೈ ನಡುಕ. ಈ ಸಲವೂ ತಪ್ಪಿದರೆ ವಾರ್ಡಿಗೆ ಬಿಡುವುದಿಲ್ಲ, ಒಂದು ವರ್ಷ ಹಿಂದೆ ಬೀಳುತ್ತಾಳೆ. ದಿನವೂ ಸಂಜೆ ನನ್ನ ಮೇಲೆಯೇ ಅಭ್ಯಾಸ. ಅಷ್ಟು ಹೊತ್ತು ನನ್ನ ಕೈ ಹಿಡಿದು ಕೂತವರು ಇನ್ಯಾರೂ ಇಲ್ಲ.

ಪರೀಕ್ಷೆಯ ದಿನ ಮೇಡಂ ಮೈಕಿನಲ್ಲಿ ಸಿಡುಕಿನ ಅಜ್ಜಿಯಾದರು. "ಏ ಹುಡುಗಿ, ಟ್ರ್ಯಾಕ್ಟರ್ ಮ್ಯಾಲ ಕುಂತಿಯೇನ? ಕೈ ಹಿಂಗ ನಡಗಾಕತ್ತೇತಲ್ಲ!"

ರುಬೀನಾ ಸೂಜಿಯನ್ನು ಟ್ರೇಯಲ್ಲಿಟ್ಟುಬಿಟ್ಟಳು. ಪರೀಕ್ಷಕರು ತಲೆಯೆತ್ತಿದರು. ಅವಳು ನನ್ನ ಬೆರಳು ಹಿಡಿದು, "ಬೈರಿ ಅಜ್ಜಿ, ಬೈಕೋತ ಇರ್ರಿ. ನಿಮಗೂ ಅಂಜಿಕಿ, ನನಗೂ ಅಂಜಿಕಿ. ಇಬ್ರೂ ಕೂಡಿ ಮುಗಸೂಣು" ಅಂದಳು.

ಮೈಕಿನಲ್ಲಿ ಒಂದು ಸಣ್ಣ ಕೆಮ್ಮು ಕೇಳಿಸಿತು. ಮೇಡಂ ನಗು ನುಂಗಿರಬೇಕು. ಆಮೇಲೆ ನನ್ನ ಬಾಯಿ ಮೆತ್ತಗೆ, "ಹಂಗಾರ ಚುಚ್ಚವಾ" ಎಂದಿತು.

ಸೂಜಿಯ ಹಿಂಬದಿಯಲ್ಲಿ ಕೆಂಪು ನೀರು ಇಣುಕಿತು. ನರ ಸಿಕ್ಕಿತು, ಪಾಸು!

ಮರುದಿನ ಅವಳು ವಾರ್ಡಿಗೆ ಹೋದಳು, ಬಿಸಿ ರಕ್ತದವರ ಬಳಿಗೆ. ಅವಳು ಕಲಿಯಲಿ ಎಂದು ಸಂಜೆಗಟ್ಟಲೆ ಕೈ ಚಾಚಿ ಮಲಗಿದ್ದೆ. ಕಲಿತವರಿಗೆ ನನ್ನ ಹತ್ತಿರ ಕೆಲಸವಿರುವುದಿಲ್ಲ ಎಂಬುದು ಅವಳ ಖಾಲಿ ಸ್ಟೂಲು ನೋಡಿದಾಗಲೇ ಹೊಳೆಯಿತು.

ಮೇಡಂ ನಿವೃತ್ತರಾದರು. ಹೊಸ ಗೊಂಬೆ ಬಂತು. ಕಂಪ್ಯೂಟರ್ ಹೇಳಿದಂತೆ ಉಸಿರಾಡುತ್ತದೆ, ಬೆವರುತ್ತದೆ, ಕಣ್ಣು ಮಿಟುಕಿಸುತ್ತದೆ. ನಾನು ಪಕ್ಕದ ಸ್ಟೋರ್ ರೂಮಿನಲ್ಲಿ, ಮುರಿದ ಸಲೈನ್ ಸ್ಟ್ಯಾಂಡುಗಳ ಸಂಸಾರದಲ್ಲಿದ್ದೇನೆ. ರಬ್ಬರ್ ಬಿರಿದಿದೆ, ಸ್ಪೀಕರಿನ ತಂತಿ ಕಿತ್ತುಹೋಗಿದೆ.

ಇವತ್ತು ಗೋಡೆಯಾಚೆ ಯಾರೋ ಹೊಸ ಹುಡುಗಿ ತನ್ನ ಮೊದಲ ಸೂಜಿ ಚುಚ್ಚಿ ಹೆದರಿದಳು. "ಯಮ್ಮಾ, ಭಾಳ ನೋವಾತೇನ್ರಿ?"

ಹೊಸ ಗೊಂಬೆ ಇಂಗ್ಲಿಷಿನಲ್ಲಿ ಏನೋ ಒದರಿತು. ಹುಡುಗಿ ಸೂಜಿಯನ್ನು ಟ್ರೇಯಲ್ಲಿಟ್ಟ ಸದ್ದಾಯಿತು.

ಇಲ್ಲವಾ, ಏನೂ ಆಗಿಲ್ಲ. ಈ ಕಡೆ ಬಾ. ಇನ್ನೊಮ್ಮೆ ಚುಚ್ಚು.