ಗೌರಿಯ ಧ್ವನಿ

ಪೀಪ್‌ಹೋಲ್‌ನಲ್ಲಿ ಕಂಡದ್ದು ಇರಣ್ಣನಲ್ಲ, ಒಬ್ಬ ಹೆಂಗಸು. ಸುಕೃತಿ ಉಸಿರು ಬಿಟ್ಟಳು. ಚಿಲಕದ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ಇರಣ್ಣ ಕೆಳಗಿನ ಗೇಟಿನ ಸೆಕ್ಯುರಿಟಿ. ಸೈನ್ಯ ಬಿಟ್ಟು ಬೆಂಗಳೂರಿನ ಹೂಡಿಯ ಈ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ಅವಳನ್ನು ಗುರುತು ಹಿಡಿದು, ಸೆಲ್ಯೂಟ್ ಹೊಡೆದು, "ಮೇಡಂ, ಆ ಧ್ವನಿ ಒಂದ್ಸಲ" ಎಂದಿದ್ದ. ಅಂದಿನಿಂದ ಅವಳು ಬೇಸ್‌ಮೆಂಟಿನ ದಾರಿಯಲ್ಲಿ ಓಡಾಡುತ್ತಿದ್ದಳು.

ಸರಪಳಿ ಬಿಚ್ಚದೆ ಬಾಗಿಲು ತೆರೆದಳು. "ಏನ್ ಬೇಕಿತ್ತು?"

"ನಾ ಗೌರಿ ರೀ. ಗೇಟಿನ್ಯಾಗ ಡ್ಯೂಟಿ ಮಾಡ್ತಾರಲ್ರಿ, ಅವರ ಮನಿಯಾಕಿ." ಹೆಂಗಸು ಆಗಲೇ ಚಪ್ಪಲಿ ಬಿಟ್ಟಿದ್ದಳು. "ನನ್ನ ಧ್ವನಿ ನಿಮ್ಮ ಕಡೆ ಐತಂತಲ್ರಿ."

ಸುಕೃತಿ ಸರಪಳಿ ಬಿಚ್ಚಿದ್ದು ಕರುಣೆಯಿಂದಲ್ಲ. ಎದುರು ಮನೆಯವರು ಕೇಳಿಸಿಕೊಂಡಾರೆಂದು.

ಗಡಿಯಲ್ಲಿ ಷೆಲ್ ದಾಳಿ ನಡೆಯುತ್ತಿದ್ದ ಕಾಲದಲ್ಲಿ, ಸೈನಿಕರನ್ನು ರಂಜಿಸಲು ಹೋದ ತಂಡದಲ್ಲಿ ಸುಕೃತಿ ಮಿಮಿಕ್ರಿಯವಳು. ಬಂಕರಿನಲ್ಲಿ ಇರಣ್ಣ ತನ್ನ ಮೊಬೈಲ್ ಮುಂದೆ ಹಿಡಿದಿದ್ದ. ಅದರಲ್ಲಿ ಹೆಂಡತಿಯ ಹಳೆಯದೊಂದು ವಾಯ್ಸ್ ಮೆಸೇಜ್: ಊಟ ಆತೇನ್ರಿ, ಎಮ್ಮಿ ಈದೈತಿ, ಅಷ್ಟೇ. ಸುಕೃತಿ ಅದನ್ನು ಕೇಳಿಸಿಕೊಂಡು ಅದೇ ಧ್ವನಿಯಲ್ಲಿ ಆಡಿ ತೋರಿಸಿದಾಗ ಎಲ್ಲರೂ ನಕ್ಕರು. ಆಮೇಲೆ ಎಲ್ಲೋ ಹತ್ತಿರ ಷೆಲ್ ಬಿತ್ತು. ದೀಪ ಹೋಯಿತು, ಮಣ್ಣು ಉದುರಿತು. ಯಾರೋ ಅಧಿಕಾರಿ ಕತ್ತಲಲ್ಲೇ, ನಿಲ್ಲಿಸಬೇಡಿ, ಎಂದ. ಅವಳ ನಾಲಗೆಯ ಮೇಲೆ ಆ ಹೆಂಡತಿಯ ಧ್ವನಿ ಬಿಟ್ಟು ಬೇರೆ ಯಾರದೂ ಇರಲಿಲ್ಲ. "ಹೆದರಬ್ಯಾಡ್ರಿ, ನಾ ಇಲ್ಲೇ ಅದೀನಿ" ಎನ್ನುತ್ತಲೇ ಹೋದಳು. ಬೆಳಕು ಬಂದಾಗ ಇರಣ್ಣ ಅವಳ ಕೋಟಿನ ಅಂಚು ಹಿಡಿದುಕೊಂಡಿದ್ದ. ಮರುದಿನ ತಂಡದವರಿಗೆಲ್ಲ ಶಾಲು ಹೊದಿಸಿದರು.

ಊರಿಗೆ ಮರಳಿದವಳು ಮಿಮಿಕ್ರಿ ಬಿಟ್ಟಳು. ಈಗ ವೈಟ್‌ಫೀಲ್ಡಿನ ಆಫೀಸೊಂದರಲ್ಲಿ ಇಡೀ ದಿನ ಇಮೇಲ್ ಬರೆಯುತ್ತಾಳೆ. ಮಾತಾಡಬೇಕಾಗಿಲ್ಲ.

"ಅದು ಸುಮ್ನೆ ತಮಾಷೆಗೆ ಮಾಡಿದ್ದು," ಎಂದಳು.

"ಅವರಿಗೆ ತಮಾಷಿ ಆಗಿಲ್ಲ ನೋಡ್ರಿ." ಗೌರಿ ಸೋಫಾದ ತುದಿಯಲ್ಲಿ ಕೂತಳು. "ನಾ ಮಾತಾಡಿದ್ರ, ನೀ ಗೌರಿ ಅಲ್ಲ ಅಂತಾರ. ಮೊನ್ನಿ ನಿದ್ದಿಗಣ್ಣಾಗ ಕುತ್ತಿಗಿಗೆ ಕೈ ಹಾಕಿದ್ರು. ಯಾರು ನೀ, ಹೇಳು, ಅಂತ."

ಸೆರಗು ಸರಿಸಿ ಕುತ್ತಿಗೆಯ ಮೇಲಿನ ಬೆರಳ ಗುರುತು ತೋರಿಸಿದಳು. ಸುಕೃತಿ ನೋಡಿದಳು, ನೋಡಬಾರದಿತ್ತು.

"ಡಾಕ್ಟರಿಗೆ ತೋರಿಸಿ."

"ತೋರಿಸ್ತೀನ್ರಿ. ಅಲ್ಲೀತನಕ ನಾ ಉಳೀಬೇಕಲ್ಲ? ಹೆಂಗ ಮಾತಾಡ್ತಿದ್ನಿ, ಒಂದೀಟು ಹೇಳಿಕೊಡ್ರಿ."

ಸುಕೃತಿ ಗಂಟಲು ಸರಿಮಾಡಿಕೊಂಡಳು. ಎಷ್ಟೋ ಕಾಲ ಮುಚ್ಚಿಟ್ಟ ಕೋಣೆಯೊಂದರ ಬೀಗ ತಾನೇ ಕಳಚಿದಂತೆ ಆ ಧ್ವನಿ ಹೊರಗೆ ಬಂತು. "ಹೆದರಬ್ಯಾಡ್ರಿ, ನಾ ಇಲ್ಲೇ ಅದೀನಿ."

ಗೌರಿ ತಲೆ ಓರೆ ಮಾಡಿ ಕೇಳಿದಳು. "ಇಷ್ಟು ಮೆತ್ತಗ ನಾ ಯಾವಾಗ ಮಾತಾಡಿದ್ನಿ? ನಮ್ಮವ್ವನ ಆಣಿ, ಇಲ್ಲ."

ನಿಜ. ಆ ಮೆತ್ತಗಿನದು ಮೊಬೈಲಿನಲ್ಲಿ ಇರಲಿಲ್ಲ. ಕತ್ತಲಲ್ಲಿ ಸುಕೃತಿ ತಾನೇ ಸೇರಿಸಿದ್ದಳು, ತನ್ನ ಭಯಕ್ಕೆ. ಹೇಳಿಬಿಡಬಹುದಿತ್ತು. ಬದಲಿಗೆ, "ಇನ್ನೊಂದ್ಸಲ ಅನ್ನಿ, ಕೊನೇಲಿ ಉಸಿರು ಬಿಡಿ," ಎಂದಳು.

ಗೌರಿ ಅಂದಳು. ಮತ್ತೆ ಅಂದಳು. ಪ್ರತಿ ಸಲವೂ ಅದು ನಾಟಕದ ಹೆಣ್ಣಿನ ಮಾತಿನಂತೆ ಇನ್ನಷ್ಟು ಕೆಟ್ಟಿತು.

"ನನ್ನ ಧ್ವನಿ ನನಗ ಬರವಲ್ದು ನೋಡ್ರಿ," ಎಂದು ನಕ್ಕಳು. ನಗು ಮಾತ್ರ ದಪ್ಪಗೆ, ಒರಟಾಗಿ, ಅವಳದೇ ಆಗಿತ್ತು. "ನಗೋದೂ ಬಿಡಬೇಕೇನ್ರಿ?"

ಹೊರಗೆ ಲಿಫ್ಟಿನ ಬಾಗಿಲು ತೆರೆದುಕೊಂಡ ಸದ್ದಾಯಿತು. ಬೂಟುಗಳು ಮುಚ್ಚಿದ ಬಾಗಿಲಾಚೆ ಬಂದು ನಿಂತವು.

"ಗೌರೀ." ಇರಣ್ಣನ ಧ್ವನಿ. "ಒಳಗ ಅದಿಯೇನ?"

ಗೌರಿ ಬಾಯಿ ತೆರೆದಳು. ಅವಳ ಕೈ ಕುತ್ತಿಗೆಗೆ ಹೋಯಿತು.

"ಗೌರೀ?" ಈ ಸಲ ಬಾಗಿಲು ಸ್ವಲ್ಪ ಅದುರಿತು.

ನಾನು ಸುಕೃತಿ, ಎಂದು ಸುಕೃತಿ ಮನಸ್ಸಿನಲ್ಲೇ ಹೇಳಿಕೊಂಡಳು. ಅದು ಯಾರ ಧ್ವನಿಯಲ್ಲಿ ಕೇಳಿಸಿತೆಂದು ತಿಳಿಯಲಿಲ್ಲ.

ಗೌರಿ ಸೆರಗನ್ನು ಮುದ್ದೆ ಮಾಡಿ ತನ್ನ ಬಾಯಿಗೆ ತುರುಕಿಕೊಂಡಳು. ಇನ್ನೊಂದು ಕೈಯನ್ನು ಸುಕೃತಿಯ ಬೆನ್ನಿಗೆ ಒತ್ತಿ, ಮೆಲ್ಲಗೆ ಅವಳನ್ನು ಬಾಗಿಲ ಕಡೆ ತಳ್ಳತೊಡಗಿದಳು.