ಗಂಟೆಯ ಹಗ್ಗ

"ಆ ಕೈಗಳನ್ನ ಮುಚ್ಚಮ್ಮ, ಜನ ನೋಡ್ತಾರೆ," ಎಂದರು ಪಾದ್ರಿ ಆನ್ಸೆಲ್ಮೊ.

"ನೋಡ್ಲಿ ಬಿಡಿ," ಎಂದಳು ಪಾಸ್ಕ್ವಾ. ಹೆಣವಾಗಿ ಮಲಗಿದ್ದ ಗಂಡ ಬೊರ್ತೊಲೊನ ಅಂಗೈಗಳಲ್ಲಿ ಗಂಟೆಯ ಹಗ್ಗ ಹಿಡಿದ ಜಾಗವಷ್ಟೂ ಕರಕಲಾಗಿತ್ತು. ಹಿಂದಿನ ಮಧ್ಯಾಹ್ನ ಗುಡ್ಡದಾಚೆ ಮೋಡ ಕಟ್ಟಿದಾಗ, ಮೂವತ್ತು ವರ್ಷಗಳಿಂದ ಮಾಡಿಕೊಂಡು ಬಂದಂತೆ, ಅವನು ಚರ್ಚಿನ ಗೋಪುರಕ್ಕೆ ಓಡಿದ್ದ. ಮಂತ್ರಿಸಿದ ಗಂಟೆ ಬಾರಿಸಿದರೆ ಮೋಡದೊಳಗಿನ ಪಿಶಾಚಿಗಳು ಚದುರಿ, ಆಲಿಕಲ್ಲು ತಪ್ಪಿ ದ್ರಾಕ್ಷಿ ಉಳಿಯುತ್ತದೆಂದು ಊರಿನ ನಂಬಿಕೆ. ಸಿಡಿಲು ಬಂದು ಬಡಿದದ್ದು ಗೋಪುರಕ್ಕೇ.

ಪಾದ್ರಿ ದನಿ ತಗ್ಗಿಸಿದರು. "ಶುದ್ಧವಾದ ಕೈಯನ್ನ ಆ ಗಂಟೆ ಸುಡಲ್ಲ. ಏನೋ ಪಾಪ ಮುಚ್ಚಿಟ್ಕೊಂಡಿದ್ದ ಅನ್ಸುತ್ತೆ. ಇರ್ಲಿ, ಇನ್ಮೇಲೆ ನಿನ್ನ ಮಗ ರೊಕ್ಕೊ ಬಾರಿಸ್ಲಿ. ಅಪ್ಪನ ಪಾಪಾನೂ ಕಳೆಯುತ್ತೆ."

ಅವಳಿಗೆ ಹಳೆಯದೊಂದು ಮಾತು ನೆನಪಾಯಿತು. ಹೋದ ವರ್ಷ ವೈದ್ಯ ಸಾಂತೊರಿ ಬಂದು, ಗೋಪುರದ ತುದಿಗೊಂದು ಕಬ್ಬಿಣದ ಸಲಾಕೆ ನೆಟ್ಟು ತಂತಿಯನ್ನು ನೆಲಕ್ಕಿಳಿಸಿದರೆ ಸಿಡಿಲು ಯಾರನ್ನೂ ಮುಟ್ಟದೆ ಮಣ್ಣು ಸೇರುತ್ತದೆ ಎಂದಿದ್ದ. "ದೇವರ ಬಾಣಕ್ಕೆ ಕಬ್ಬಿಣ ಅಡ್ಡ ಹಿಡೀತಾನಂತೆ!" ಎಂದು ಪಾದ್ರಿ ಪೂಜೆಯ ನಡುವೆಯೇ ಹಂಗಿಸಿದ್ದರು. ಊರೆಲ್ಲ ನಕ್ಕಿತ್ತು. ಪಾಸ್ಕ್ವಾಳೂ ನಕ್ಕಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ ಅವಳು ಬಿಷಪ್ಪರನ್ನು ಕಾಣಲು ಪಟ್ಟಣಕ್ಕೆ ನಡೆದಳು. ಗಂಡ ಪಾಪಿಯಲ್ಲ ಎಂದು ದೊಡ್ಡವರ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು. ಅಂಗಳದಲ್ಲಿ ಕಾಯುತ್ತ ಕತ್ತೆತ್ತಿದವಳಿಗೆ ಬಿಷಪ್ಪರ ಮನೆಯ ಸೂರಿನ ಮೇಲೊಂದು ಸಲಾಕೆ ಕಂಡಿತು. ಅದರಿಂದಿಳಿದ ತಂತಿ ಗೋಡೆಗುಂಟ ಬಂದು ಗುಲಾಬಿ ಗಿಡಗಳ ಬುಡದಲ್ಲಿ ಮಣ್ಣಿಗಿಳಿದಿತ್ತು.

"ಅದೇನಪ್ಪಾ?" ಎಂದು, ಯಾವೂರೆಂದು ವಿಚಾರಿಸಿದ ತೋಟದವನನ್ನು ಕೇಳಿದಳು.

"ಸಿಡಿಲಿನ ಕಡ್ಡಿ ಕಣಮ್ಮ. ಹಾಕ್ಸಿ ಎರಡು ವರ್ಷ ಆಯ್ತು. ನಮ್ಮ ಪ್ರಭುಗಳಿಗೆ ಗುಡುಗು ಅಂದ್ರೆ ಜೀವ ಹೋಗುತ್ತೆ." ಅವನು ನಕ್ಕ. "ನಿಮ್ಮ ಪಾದ್ರೀನೂ ಬಂದಾಗೆಲ್ಲ ನಿಂತು ನೋಡ್ತಾರೆ."

ಪಾಸ್ಕ್ವಾ ಬಿಷಪ್ಪರಿಗಾಗಿ ಕಾಯಲಿಲ್ಲ. ದಾರಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು.

ಮರುವಾರ ಮತ್ತೆ ಮೋಡ ಕವಿಯಿತು. ರೊಕ್ಕೊ ಗೋಪುರಕ್ಕೆ ಬರುವಷ್ಟರಲ್ಲಿ ತಾಯಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹಿಂದೆಯೇ ಜನ, ಅವರೊಂದಿಗೆ ಪಾದ್ರಿಯೂ, ಓಡಿಬಂದರು.

"ದಾರಿ ಬಿಡೇ! ನಮ್ಮ ಹೊಟ್ಟೆ ಮೇಲೆ ಹೊಡೀತೀಯಾ?" ಎಂದು ಪಕ್ಕದ ಮನೆಯ ಗಾಸ್ಪರಾ ಕಿರುಚಿದಳು. "ನಿನ್ನ ಗಂಡ ಇದ್ದಿದ್ರೆ ಇಷ್ಟೊತ್ತಿಗೆ ಬಾರಿಸಿರ್ತಿದ್ದ!"

"ಬಾರಿಸಿದ್ದಕ್ಕೇ ಇಲ್ಲ ಕಣೇ ಅವ್ನು! ಬಿಷಪ್ಪರ ಮನೆ ಮೇಲೆ ಕಬ್ಬಿಣದ ಕಡ್ಡಿ ಇದೆ. ಕಣ್ಣಾರೆ ನೋಡ್ಬಂದೆ. ಈ ಸ್ವಾಮಿಗಳೂ ನೋಡಿದಾರೆ. ಅವರ ತಲೆಗೆ ಕಬ್ಬಿಣ, ನಮ್ಮ ಮಕ್ಕಳ ಕೈಗೆ ಹಗ್ಗ!"

"ದೇವದೂಷಣೆ!" ಎಂದರು ಪಾದ್ರಿ. ಮುಖ ಬಿಳಿಚಿಕೊಂಡಿತ್ತು.

ಪಾಸ್ಕ್ವಾ ಪಕ್ಕಕ್ಕೆ ಸರಿದು ಬಾಗಿಲನ್ನು ಅಗಲವಾಗಿ ತೆರೆದಳು. "ಬನ್ನಿ ಸ್ವಾಮಿ, ನೀವೇ ಬಾರಿಸಿ. ನಿಮ್ಮ ಕೈ ಶುದ್ಧ ಅಲ್ವಾ?"

ಗುಡ್ಡದ ಮೇಲೆ ಮಿಂಚು ಸೀಳಿತು. ಜನರೆಲ್ಲ ಪಾದ್ರಿಯನ್ನೇ ನೋಡಿದರು. ಅವರು ಹೊಸ್ತಿಲವರೆಗೆ ಬಂದರು, ಮೇಲಿನ ಕತ್ತಲನ್ನೊಮ್ಮೆ ನೋಡಿದರು, ಜಪಮಾಲೆಯನ್ನು ಬಿಗಿಯಾಗಿ ಹಿಡಿದು ಅಲ್ಲೇ ನಿಂತುಬಿಟ್ಟರು. ಆಲಿಕಲ್ಲು ಸುರಿಯತೊಡಗಿತು.

ಅರ್ಧ ತಾಸಿನಲ್ಲಿ ಇಳಿಜಾರಿನ ದ್ರಾಕ್ಷಿಯೆಲ್ಲ ನೆಲ ಕಚ್ಚಿತ್ತು. ಬೊರ್ತೊಲೊ ಬಾರಿಸಿದ ಎಷ್ಟೋ ವರ್ಷಗಳಲ್ಲೂ ಹೀಗೇ ಆಗಿತ್ತೆಂಬುದು ಯಾರಿಗೂ ನೆನಪಾಗಲಿಲ್ಲ. ಮಾರನೆಯ ಬೆಳಿಗ್ಗೆ ನೀರಿಗೆ ಹೋದ ಪಾಸ್ಕ್ವಾಳನ್ನು ಕಂಡು ಬಾವಿಕಟ್ಟೆಯ ಹೆಂಗಸರು ಮುಖ ತಿರುಗಿಸಿದರು. ಗಾಸ್ಪರಾ ನೆಲಕ್ಕೆ ಉಗುಳಿದಳು.

ಪಾಸ್ಕ್ವಾ ಕೊಡ ತಂದಿಟ್ಟು, ಒಲೆಯ ಮೇಲಿನ ಜೋಳದ ಅಂಬಲಿ ಬಡಿಸಿದಳು. ರೊಕ್ಕೊ ಬಿಸಿ ತಾಳದೆ ಉಫ್ ಉಫ್ ಎಂದು ಊದುತ್ತ, ನಾಲಿಗೆ ಸುಟ್ಟುಕೊಂಡು ಗೊಣಗಿದ. ಅವಳು ಎದುರಿಗೆ ಕೂತು, ತನ್ನ ತಟ್ಟೆ ಮುಟ್ಟದೆ, ಅವನು ಉಣ್ಣುವುದನ್ನೇ ನೋಡುತ್ತಿದ್ದಳು.